ಹಿದೆತೋಶಿ ನಕಾಟಾ ಜನಪ್ರಿಯತೆ: ನಕಾಮುರಾ, ಓನೊ, ಕಜು, ಹೊಂಡಾ ಜೊತೆ ಹೋಲಿಸುವುದು ಹೇಗೆ?

ಪಿಚ್‌ಪಕ್ಕ
ಜಪಾನಿನ ಅತಿ ಜನಪ್ರಿಯ ಫುಟ್‌ಬಾಲ್ ಆಟಗಾರ ಯಾರು ಅಂತ ಈಗ ಯಾರನ್ನೇ ಕೇಳಿ, ಹೊಂಡಾ, ಕಗಾವಾ, ಕುಬೊ, ಮಿತೊಮಾ ಅನ್ನುತ್ತಾರೆ. ನಕಾಟಾ ಹೆಸರು ಐದನೆಯದೋ ಆರನೆಯದೋ. ಪುರಾವೆ ಕೇಳಿದರೆ ಗೂಗಲ್ ಟ್ರೆಂಡ್ಸ್ (ಒಂದು ಹೆಸರನ್ನು ಜನ ಎಷ್ಟು ಹುಡುಕುತ್ತಾರೆ ಅಂತ ತೋರಿಸುವ ಸಾಧನ) ಚಿತ್ರ ಅಂಟಿಸಿ, "ನೋಡಿ, ನಕಾಟಾ ಗೆರೆ ನೆಲಕ್ಕೇ ಅಂಟಿದೆ" ಅಂತ ತೋರಿಸುತ್ತಾರೆ. 1998ರಿಂದ 2002ರವರೆಗೆ ಇಟಲಿಯ ಅಗ್ರ ಲೀಗ್ ಸೀರಿ ಆದಲ್ಲಿ ನಕಾಟಾ ಆಡಿದ್ದನ್ನು ನೋಡಿದವರಿಗೆ ಇದು ಒಪ್ಪುವ ಮಾತಲ್ಲ. ಆದರೆ "ನಮಗೆ ಗೊತ್ತು" ಅಂದರೆ ವಾದ ನಿಲ್ಲುವುದಿಲ್ಲ. ಓರಗೆಯವರಾದ ನಕಾಮುರಾ, ಓನೊ, ಇನಾಮೊಟೊ, ಹಿಂದಿನ ಕಜು (ಕಜುಯೋಶಿ ಮಿಯುರಾ), ಮುಂದಿನ ಹೊಂಡಾ, ಕಗಾವಾ, ಇವರ ನಡುವೆ ನಕಾಟಾ ಎಲ್ಲಿ ನಿಲ್ಲುತ್ತಾನೆ? ಅಳೆಯುವ ದಾರಿ ಗೊತ್ತಿರುವವರು ವಿವರವಾಗಿ ಬರೆಯಿರಿ.

ಅಂಕಿಗುಂಟ
ಮೊದಲ ತಪ್ಪು ಅಳತೆಗೋಲಿನದ್ದು. ಗೂಗಲ್ ಟ್ರೆಂಡ್ಸ್‌ನ ಮಾಹಿತಿ ಶುರುವಾಗುವುದೇ 2004ರ ಜನವರಿಯಿಂದ. ಈಗ ನಕಾಟಾನ ದಿನಾಂಕಗಳನ್ನು ಪಕ್ಕದಲ್ಲಿಟ್ಟು ನೋಡಿ. ಇಟಲಿಯ ಪೆರೂಜಾ ಕ್ಲಬ್ ಪರ ಮೊದಲ ಪಂದ್ಯ 1998ರ ಸೆಪ್ಟೆಂಬರ್ 13, ಎದುರಾಳಿ ಯುವೆಂಟಸ್, ತಂಡ 3-4ರಲ್ಲಿ ಸೋತಿತು, ಎರಡು ಗೋಲು ಅವನದು. ರೋಮಾಗೆ ಹೋದದ್ದು 2000ರ ಜನವರಿ, ಲೀಗ್ ಪ್ರಶಸ್ತಿ 2001ರಲ್ಲಿ. ಅದೇ ವರ್ಷ ಪಾರ್ಮಾ. ತವರಿನ ವಿಶ್ವಕಪ್ 2002. 2004ರ ಜನವರಿಯಲ್ಲಿ ಟ್ರೆಂಡ್ಸ್ ಎಣಿಸಲು ಶುರು ಮಾಡುವ ಹೊತ್ತಿಗೆ ಅವನು ಎರವಲು ಆಟಗಾರನಾಗಿ ಬೊಲೊನ್ಯಾ ಕ್ಲಬ್ಬಿಗೆ ಹೊರಟಿದ್ದ. ನಿವೃತ್ತಿ 2006ರ ಜುಲೈ 3, ವಯಸ್ಸು ಇನ್ನೂ 29.

ಅಂದರೆ ಈ ಸಾಧನಕ್ಕೆ ಕಂಡದ್ದು ಅವನ ಕೊನೆಯ ಎರಡೂವರೆ ವರ್ಷ ಮಾತ್ರ. ಕಗಾವಾ, ಹೊಂಡಾ ಇಬ್ಬರ ಇಡೀ ಯೂರೋಪ್ ಬದುಕು ಅದರ ಒಳಗೇ ಇದೆ. ಸುಗ್ಗಿ ಮುಗಿದ ಮೇಲೆ ಗದ್ದೆಗೆ ಹೋಗಿ ಬೆಳೆ ಅಂದಾಜು ಮಾಡಿದ ಹಾಗೆ ಇದು.

ಇನ್ನೊಂದು ಮಾತು. ಅಲ್ಲಿ ಬರುವ 100 ಅನ್ನುವ ಅಂಕಿ ಹುಡುಕಾಟಗಳ ಸಂಖ್ಯೆ ಅಲ್ಲ. ಹೋಲಿಸಿದವರ ಪೈಕಿ ಅತಿ ಎತ್ತರದ ಶಿಖರವನ್ನು 100 ಅಂತ ಇಟ್ಟುಕೊಂಡು ಮಿಕ್ಕದ್ದನ್ನೆಲ್ಲ ಅದರ ಪಾಲಾಗಿ ತೋರಿಸುತ್ತದೆ. 2010ರ ಜೂನ್‌ನಲ್ಲಿ ಹೊಂಡಾ ಡೆನ್ಮಾರ್ಕ್ ವಿರುದ್ಧ ಫ್ರೀಕಿಕ್‌ನಿಂದ ಗೋಲು ಹೊಡೆದ ತಿಂಗಳನ್ನು ಚಿತ್ರದೊಳಗೆ ತಂದರೆ ಪಕ್ಕದ ನಾಲ್ವರ ಗೆರೆಗಳೂ ಚಪ್ಪಟೆ ಆಗುತ್ತವೆ.

ಹೆಸರುಗೊಂದಲ
ಅದಕ್ಕಿಂತ ಮೊದಲು ಹೆಸರು ಸರಿಯಾಗಿ ಹಾಕಿದ್ದಾರಾ ನೋಡಿ. ಜಪಾನಿ ಆಟಗಾರರ ಹೋಲಿಕೆಗಳಲ್ಲಿ ಬಹಳಷ್ಟು ಕೆಡುವುದು ಇಲ್ಲೇ.

ಬರೀ "ಹೊಂಡಾ" ಅಂತ ಹಾಕಿದರೆ ಬರುವುದು ಕಾರು, ಬೈಕು. "ಕಗಾವಾ" ಶಿಕೊಕು ದ್ವೀಪದ ಒಂದು ಪ್ರಾಂತದ ಹೆಸರು, ಊಡೊನ್ ನೂಡಲ್ಸ್‌ಗೆ ಹೆಸರುವಾಸಿ, ಪ್ರವಾಸಿಗರು ವರ್ಷಪೂರ್ತಿ ಹುಡುಕುತ್ತಾರೆ. "ಓನೊ" ಅಂದರೆ ಯೊಕೊ ಓನೊ. "ಮಿಯುರಾ" ಲ್ಯಾಂಬೊರ್ಗಿನಿಯ ಕಾರು. "ಎಂಡೊ" ಅಂದರೆ ಯಾಸುಹಿತೊ ಎಂಡೊನೋ, ಲಿವರ್‌ಪೂಲ್‌ಗೆ ಹೋದ ವಾತಾರು ಎಂಡೊನೋ ತಿಳಿಯುವುದಿಲ್ಲ.

ನಕಾಟಾಗೂ ಕಾಟ ಇದೆ. 2002ರ ವಿಶ್ವಕಪ್ ತಂಡದಲ್ಲೇ ಕೋಜಿ ನಕಾಟಾ ಅಂತ ಇನ್ನೊಬ್ಬನಿದ್ದ. ಜಪಾನಿನಲ್ಲಿ ಅಭಿಮಾನಿಗಳು "ಹಿದೆ" ಅಂತಷ್ಟೇ ಕರೆಯುತ್ತಿದ್ದರು, ಆ ಹುಡುಕಾಟಗಳು ಪೂರ್ತಿ ಹೆಸರಿನ ಲೆಕ್ಕಕ್ಕೆ ಬರುವುದಿಲ್ಲ.

ನಕಾಮುರಾನ ಕಥೆ ಇನ್ನೂ ಜಟಿಲ. ಶುನ್ಸುಕೆ ಫುಟ್‌ಬಾಲ್ ಆಟಗಾರ. ಶಿನ್ಸುಕೆ ಕುಸ್ತಿಪಟು, 2016ರಿಂದ ಅಮೆರಿಕದ ಡಬ್ಲ್ಯೂಡಬ್ಲ್ಯೂಇಯಲ್ಲಿದ್ದಾನೆ. ರೋಮನ್ ಲಿಪಿಯಲ್ಲಿ ಬರೆದರೆ ಇಬ್ಬರ ನಡುವೆ ಇರುವುದು ಒಂದು ಸ್ವರದ ವ್ಯತ್ಯಾಸ. ಮೇಲೆ ಚೆಸ್‌ನ ಹಿಕಾರು ನಕಾಮುರಾ ಬೇರೆ. 2020ರಿಂದ ಆನ್‌ಲೈನ್ ಚೆಸ್ ಏರಿದಾಗ ಅವನ ಹೆಸರೂ ಏರಿತು. ಬರೀ ಅಡ್ಡಹೆಸರು ಹಾಕಿ "ನಕಾಮುರಾ ಇಂದಿಗೂ ನಕಾಟಾಗಿಂತ ಮುಂದೆ" ಅಂದರೆ ಅದು ಚೆಸ್ ಮತ್ತು ಕುಸ್ತಿಯ ಗೆಲುವು.

ಎಲ್ಲಕ್ಕಿಂತ ಮೋಸ ಮಾಡುವುದು ಕಜುಯೋಶಿ ಮಿಯುರಾ. ಪೂರ್ತಿ ಹೆಸರು ಹಾಕಿದರೂ 2008ರಲ್ಲಿ ದೊಡ್ಡ ಶಿಖರ ಕಂಡರೆ ಹಿಗ್ಗಬೇಡಿ. ಅದೇ ಉಚ್ಚಾರದ ಹೆಸರಿನ ಒಬ್ಬ ಉದ್ಯಮಿ ಆ ವರ್ಷ ಹಳೆಯ ಪ್ರಕರಣವೊಂದರಲ್ಲಿ ಸೈಪಾನ್‌ನಲ್ಲಿ ಬಂಧಿತನಾಗಿ ಜಗತ್ತಿನ ಸುದ್ದಿಯಾಗಿದ್ದ. ಕಾಂಜಿ (ಜಪಾನಿ ಬರಹದ ಚೀನೀ ಮೂಲದ ಲಿಪಿ) ಅಕ್ಷರ ಬೇರೆ, ರೋಮನ್ ಬರಹ ಒಂದೇ.

ಅಂಕಿಗುಂಟ
ಹೆಸರುಗೊಂದಲ ಹೇಳಿದ್ದು ನೂರಕ್ಕೆ ನೂರು ಸರಿ. ಹಾಗಾಗಿ ಟ್ರೆಂಡ್ಸ್ ಬಳಸಲೇಬೇಕು ಅನ್ನುವವರು ಹೀಗೆ ಮಾಡಿ.

ಪೆಟ್ಟಿಗೆಯಲ್ಲಿ ಹೆಸರು ಟೈಪ್ ಮಾಡಿ ಎಂಟರ್ ಒತ್ತಬೇಡಿ. ಕೆಳಗೆ ಇಳಿಯುವ ಪಟ್ಟಿಯಲ್ಲಿ ಹೆಸರಿನಡಿ "ಫುಟ್‌ಬಾಲ್ ಆಟಗಾರ" ಅನ್ನುವ ಅರ್ಥದ ವಿವರ ಇರುವ ಸಾಲನ್ನು ಆರಿಸಿ. ಆಗ ಅದು ಬರೀ ಪದ ಆಗದೆ ವಿಷಯ ಆಗುತ್ತದೆ. ಕಾಂಜಿ, ಜಪಾನಿನ ಇನ್ನೊಂದು ಲಿಪಿ ಕತಕನ, ರೋಮನ್, ಅರಬಿ ಎಲ್ಲ ಬರಹವೂ ಒಂದೇ ಲೆಕ್ಕಕ್ಕೆ ಸೇರುತ್ತದೆ, ಕುಸ್ತಿಪಟು ಬಹುಮಟ್ಟಿಗೆ ಹೊರಗೆ ಉಳಿಯುತ್ತಾನೆ. ಒಬ್ಬನಿಗೆ ವಿಷಯ, ಇನ್ನೊಬ್ಬನಿಗೆ ಪದ ಆರಿಸಿದರೆ ಹೋಲಿಕೆ ಅಲ್ಲಿಗೇ ಸತ್ತಿತು. ವಿಷಯದ ವ್ಯಾಪ್ತಿ, ಪದದ ವ್ಯಾಪ್ತಿ ಒಂದೇ ಅಲ್ಲ.

ಒಮ್ಮೆಗೆ ಐದು ಹೆಸರು ಮಾತ್ರ ಹಾಕಬಹುದು. ಎಂಟು ಜನರನ್ನು ಹೋಲಿಸಲು ಸರಪಳಿ ಕಟ್ಟಿ: ನಕಾಟಾ ಮತ್ತು ನಕಾಮುರಾ ಒಂದು ಸಲ, ನಕಾಮುರಾ ಮತ್ತು ಕಗಾವಾ ಒಂದು ಸಲ, ಕಗಾವಾ ಮತ್ತು ಹೊಂಡಾ ಇನ್ನೊಂದು ಸಲ. ದೇಶ, ಅವಧಿ, ವಿಭಾಗ ಮೂರೂ ಎಲ್ಲ ಸಲವೂ ಒಂದೇ ಇರಬೇಕು. ಕಡತ ಇಳಿಸಿಕೊಂಡು ಪ್ರತಿ ಜೋಡಿಯ ಸರಾಸರಿಗಳ ಅನುಪಾತ ತೆಗೆದು ಒಂದಕ್ಕೊಂದು ಗುಣಿಸಿ. ಶಿಖರದಿಂದ ಶಿಖರಕ್ಕೆ ಅನುಪಾತ ತೆಗೆಯಬೇಡಿ, ಒಂದೇ ಪಂದ್ಯದ ಗದ್ದಲ ಇಡೀ ಸರಪಳಿಯನ್ನು ಓರೆ ಮಾಡುತ್ತದೆ. ಅಂಕಿ 1ಕ್ಕಿಂತ ಕಡಿಮೆ ಅಂತ ಬಂದ ತಿಂಗಳುಗಳು ಹೆಚ್ಚಿದ್ದರೆ ಆ ಜೋಡಿಯೇ ಬೇಡ, ನಡುವೆ ಇನ್ನೊಬ್ಬ ಆಟಗಾರನನ್ನು ಕೊಂಡಿಯಾಗಿ ಹಾಕಿ.

ಟ್ರೆಂಡ್ಸ್ ಎಲ್ಲ ಹುಡುಕಾಟಗಳನ್ನೂ ಎಣಿಸುವುದಿಲ್ಲ, ಮಾದರಿ ತೆಗೆದುಕೊಳ್ಳುತ್ತದೆ. ಇವತ್ತು ತೆಗೆದ ಅಂಕಿಗೂ ನಾಳೆ ತೆಗೆದ ಅಂಕಿಗೂ ಸ್ವಲ್ಪ ಫರಕು ಬರುತ್ತದೆ. ಬೇರೆ ಬೇರೆ ದಿನ ಐದಾರು ಸಲ ತೆಗೆದು ಸರಾಸರಿ ಮಾಡಿ. 2011, 2016, 2022ರ ಜನವರಿಗಳಲ್ಲಿ ಸಂಗ್ರಹಿಸುವ ಕ್ರಮ ಬದಲಾಗಿದೆ ಅಂತ ಚಿತ್ರದ ಮೇಲೇ ಟಿಪ್ಪಣಿ ಇರುತ್ತದೆ. ಆ ಗೆರೆಗಳನ್ನು ದಾಟಿ ಹೋಲಿಸುವಾಗ ಜಾಗ್ರತೆ. ಜಪಾನಿನಲ್ಲಿ ಯಾಹೂ ಜಪಾನ್ ಮೂಲಕ ಹುಡುಕುವವರೂ ಬಹಳ, ಅವರು ಈ ಲೆಕ್ಕದಲ್ಲಿ ಇಲ್ಲ.

ಎಡಗಾಲು
ವಿಧಾನ ಒಪ್ಪಿದೆ. ಆದರೆ ಎಲ್ಲರೂ ನಕಾಟಾನನ್ನು ಮೊದಲೇ ಗದ್ದುಗೆಗೆ ಕೂರಿಸಿ ಚರ್ಚೆ ಮಾಡುತ್ತಿದ್ದೀರಿ. ಶುನ್ಸುಕೆ ನಕಾಮುರಾನ ಪಕ್ಷವನ್ನೂ ಕೇಳಿ.

ದೇಶದ ಪರ ನಕಾಟಾ 77 ಪಂದ್ಯ, 11 ಗೋಲು. ನಕಾಮುರಾ 98 ಪಂದ್ಯ, 24 ಗೋಲು. ಜಪಾನಿನ ಜೆ-ಲೀಗ್‌ನಲ್ಲಿ ನಕಾಮುರಾ ವರ್ಷದ ಶ್ರೇಷ್ಠ ಆಟಗಾರ ಎರಡು ಸಲ, 2000ದಲ್ಲಿ ಮತ್ತು 2013ರಲ್ಲಿ. ನಡುವೆ ಹದಿಮೂರು ವರ್ಷ, ಎರಡನೆಯದು 35ರ ವಯಸ್ಸಿನಲ್ಲಿ. 2002ರ ವಿಶ್ವಕಪ್ ತಂಡದಿಂದ ತರಬೇತುದಾರ ಟ್ರೂಸಿಯೆ ಕೈಬಿಟ್ಟಾಗ ದೇಶವೇ ಚರ್ಚೆಗೆ ಬಿತ್ತು. ತಂಡದಲ್ಲಿ ಇಲ್ಲದವನ ಬಗ್ಗೆ ಅಷ್ಟು ಮಾತು ನಡೆಯಿತು ಅನ್ನುವುದೇ ಜನಪ್ರಿಯತೆಯ ಅಳತೆ ಅಲ್ಲವೇ?

ಸ್ಕಾಟ್ಲೆಂಡ್‌ನ ಸೆಲ್ಟಿಕ್ ಕ್ಲಬ್ ಪರ ಅವನು ಹೊಡೆದ ಫ್ರೀಕಿಕ್ ನೆನಪಿಸಿಕೊಳ್ಳಿ. 2006ರ ನವೆಂಬರ್ 21, ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್, 81ನೇ ನಿಮಿಷ, ಇನ್ನೂ 0-0. ಚೆಂಡು ಗೋಲಿನಿಂದ ಸುಮಾರು 27 ಮೀಟರ್ ದೂರ, ನಡುವಿಗಿಂತ ತುಸು ಬಲಕ್ಕೆ. ಎಡಗಾಲಿನ ಒಳಬದಿಯಿಂದ ಬಾರಿಸಿದ ಚೆಂಡು ಗೋಡೆ ಕಟ್ಟಿದವರ ತಲೆ ದಾಟಿ ಹೊರಗೆ ಬಾಗಿ ಮೇಲಿನ ಮೂಲೆಗೆ ಹೋಯಿತು. ಯುನೈಟೆಡ್‌ನ ಗೋಲ್‌ಕೀಪರ್ ವಾನ್ ಡರ್ ಸಾರ್ ಪೂರ್ತಿ ಚಾಚಿಕೊಂಡರೂ ಕೈಗೆ ಎಟುಕಲಿಲ್ಲ. 1-0. ಚಾಂಪಿಯನ್ಸ್ ಲೀಗ್‌ನಲ್ಲಿ ಸೆಲ್ಟಿಕ್ ಕೊನೆಯ ಹದಿನಾರಕ್ಕೆ ಹೋದದ್ದು ಅದೇ ಮೊದಲು. ಮುಂದಿನ ವರ್ಷ ಸ್ಕಾಟ್ಲೆಂಡ್‌ನ ಆಟಗಾರರೇ ಮತ ಹಾಕಿ ಅವನನ್ನು ವರ್ಷದ ಆಟಗಾರನಾಗಿ ಆರಿಸಿದರು. ಯೂರೋಪಿನಲ್ಲಿ ನಕಾಟಾ ಒಂದು ಕ್ಲಬ್ಬಿನಲ್ಲಿ ಮೂರು ವರ್ಷ ನಿಲ್ಲುವುದೇ ಕಷ್ಟವಾಗಿತ್ತು. ನಕಾಮುರಾ ಗ್ಲಾಸ್ಗೋದಲ್ಲಿ ನಾಲ್ಕು ಋತು ಬೇರು ಬಿಟ್ಟ. ಹೆಸರು ಹಬ್ಬುವುದು ಬೇರೆ, ಒಂದೂರಿನ ಜನ ತಮ್ಮವನು ಅಂತ ಅಪ್ಪಿಕೊಳ್ಳುವುದು ಬೇರೆ.

ರಾತ್ರಿಪಾಳಿ
ಎಡಗಾಲು ಅವರೇ, ಆ ಗೋಲು ಬಿದ್ದಾಗ ಜಪಾನಿನಲ್ಲಿ ಎಷ್ಟು ಗಂಟೆ ಅಂತ ಲೆಕ್ಕ ಹಾಕಿ. ಗ್ಲಾಸ್ಗೋದಲ್ಲಿ ರಾತ್ರಿ 7.45ಕ್ಕೆ ಶುರು. ಚಳಿಗಾಲದಲ್ಲಿ ಜಪಾನ್ 9 ಗಂಟೆ ಮುಂದೆ, ಅಂದರೆ ಬೆಳಗಿನ 4.45. ಗೋಲು ಬಂದದ್ದು ಬುಧವಾರ ಬೆಳಿಗ್ಗೆ ಆರೂವರೆ ಹೊತ್ತಿಗೆ. ಕೆಲಸಕ್ಕೆ ಹೊರಡುವ ಜನ ನೋಡಿದ್ದು ಸುದ್ದಿಯ ತುಣುಕು, ಪಂದ್ಯ ಅಲ್ಲ.

ಸೀರಿ ಆದ ಭಾನುವಾರ ಮಧ್ಯಾಹ್ನ 3ರ ಪಂದ್ಯಗಳು ಜಪಾನಿಗೆ ರಾತ್ರಿ 10 ಗಂಟೆ, ಇಟಲಿಯ ಚಳಿಗಾಲದಲ್ಲಿ 11. ಊಟ ಮುಗಿಸಿ ಕೂತು ನೋಡುವ ಹೊತ್ತು. ಮರುದಿನ ಸೋಮವಾರ, ಕಚೇರಿಯಲ್ಲಿ ಅದೇ ಮಾತು. ನಕಾಟಾ 1998-99ರಲ್ಲಿ ಪೆರೂಜಾ ಪರ ಲೀಗ್‌ನಲ್ಲಿ 33 ಪಂದ್ಯ ಆಡಿ 10 ಗೋಲು ಹೊಡೆದ. ಅಂದರೆ ಹೆಚ್ಚುಕಡಿಮೆ ಪ್ರತಿ ವಾರ ಹೀಗೆ ಜಪಾನಿನ ಮನೆಯೊಳಗೆ ಬಂದ. ಆಟದ ಗುಣ ಒಂದು ಕಡೆ, ಗಡಿಯಾರವೂ ಅವನ ಪರವಾಗಿತ್ತು.

ಸ್ಪೇನ್ ವಿರುದ್ಧ ಮಿತೊಮಾ ಗೆರೆಯಂಚಿನಿಂದ ಚೆಂಡು ಎಳೆದುಕೊಟ್ಟ 2022ರ ವಿಶ್ವಕಪ್ ಪಂದ್ಯ ಜಪಾನಿನಲ್ಲಿ ಬೆಳಗಿನ ಜಾವ 4ಕ್ಕೆ ಶುರುವಾಯಿತು. ಆದರೂ ಹೆಸರು ಹಬ್ಬಿತು. ಆ ಒಂದು ಚಿತ್ರ ಫೋನಿಂದ ಫೋನಿಗೆ ಹೋಗಿ ಪಂದ್ಯ ನೋಡದವರಿಗೂ ತಲುಪಿತು. 2001ರಲ್ಲಿ ಆ ಸೌಕರ್ಯ ಇರಲಿಲ್ಲ.

ಹಳೆಯಂಗಿ
ಕಜುಯೋಶಿ ಮಿಯುರಾನನ್ನು ಬದಿಗೆ ತಳ್ಳಿ ಮಾತಾಡುವುದು ಅನ್ಯಾಯ. 15ರ ಹುಡುಗ 1982ರಲ್ಲಿ ಒಬ್ಬನೇ ಬ್ರೆಜಿಲ್‌ಗೆ ಹೋದ, ಮುಂದೆ ಅಲ್ಲಿನ ಸ್ಯಾಂಟೊಸ್ ಕ್ಲಬ್ಬಿಗೆ ಸೇರಿದ. 1993ರಲ್ಲಿ ಜೆ-ಲೀಗ್ ಶುರುವಾದಾಗ ಮೊದಲ ಶ್ರೇಷ್ಠ ಆಟಗಾರ ಅವನೇ. ದೇಶದ ಪರ 89 ಪಂದ್ಯ, 55 ಗೋಲು. ಸೀರಿ ಆಗೆ ಹೋದ ಮೊದಲ ಜಪಾನಿಯೂ ಅವನೇ, 1994ರಲ್ಲಿ ಜೆನೊವಾ. ಅಲ್ಲಿ ಗೋಲು ಒಂದೇ, ಅದೂ ಊರಿನ ಎದುರಾಳಿ ಸಂಪ್ದೋರಿಯಾ ವಿರುದ್ಧ.

ಜನಪ್ರಿಯತೆ ಕೈ ಬದಲಾದ ಘಳಿಗೆಯನ್ನೇ ತೋರಿಸಬಹುದು. 1997ರ ನವೆಂಬರ್ 16, ಮಲೇಷ್ಯಾದ ಜೊಹೊರ್ ಬಾರು, ಇರಾನ್ ವಿರುದ್ಧ ವಿಶ್ವಕಪ್ ಅರ್ಹತೆಯ ಕೊನೆಯ ಪಂದ್ಯ. ಜಪಾನ್ 1-2ರಿಂದ ಹಿಂದೆ. ತರಬೇತುದಾರ ಒಕಾಡಾ ಇಬ್ಬರು ಮುಂದಾಳುಗಳನ್ನು ಒಟ್ಟಿಗೇ ಹೊರಗೆ ಕರೆದ. ಅದರಲ್ಲಿ ಒಬ್ಬ ಕಜು. "ನಾನಾ?" ಅನ್ನುವ ಹಾಗೆ ತನ್ನ ಎದೆಯ ಕಡೆ ಬೆರಳು ತೋರಿಸಿಕೊಂಡ. ಆ ಕೈಸನ್ನೆ ಜಪಾನಿನಲ್ಲಿ ಇವತ್ತಿಗೂ ನೆನಪಿದೆ. ಮೈದಾನದಲ್ಲಿ ಉಳಿದವನು 20ರ ನಕಾಟಾ. ನಕಾಯಾಮಾನ ಮೊದಲ ಗೋಲಿಗೆ ಪಾಸು ಅವನದಾಗಿತ್ತು. ಜೋ ತಲೆಯಿಂದ ಹೊಡೆದ ಎರಡನೆಯದಕ್ಕೆ ಚೆಂಡೆತ್ತಿ ಕೊಟ್ಟವನೂ ಅವನೇ. ಹೆಚ್ಚುವರಿ ಸಮಯದ ಕೊನೆಯಲ್ಲಿ ಅವನ ಹೊಡೆತವನ್ನು ಗೋಲ್‌ಕೀಪರ್ ತಡೆದಾಗ ಪುಟಿದ ಚೆಂಡನ್ನು ಒಕಾನೊ ಜಾರಿ ಬಂದು ಒಳಗೆ ತಳ್ಳಿದ. 3-2. ಜಪಾನ್ ಮೊದಲ ಬಾರಿ ವಿಶ್ವಕಪ್‌ಗೆ. 1998ರ ಅಂತಿಮ ತಂಡದಲ್ಲಿ ಕಜು ಇರಲಿಲ್ಲ.

ಆದರೂ ನೋಡಿ, ಕಜು ಇವತ್ತಿಗೂ ಸುದ್ದಿ. ಯೊಕೊಹಾಮಾ ಎಫ್‌ಸಿಯಲ್ಲಿದ್ದಾಗ ಅವನ ಒಪ್ಪಂದ ನವೀಕರಣವನ್ನು ಜನವರಿ 11ರಂದು ಬೆಳಿಗ್ಗೆ 11 ಗಂಟೆ 11 ನಿಮಿಷಕ್ಕೇ ಪ್ರಕಟಿಸುತ್ತಿದ್ದರು, ಅಂಗಿಯ ಸಂಖ್ಯೆ 11 ಅಂತ. ಅವನ ಹುಡುಕಾಟದ ಗೆರೆ ಜನವರಿಯಲ್ಲಿ ಮತ್ತು ಹುಟ್ಟುಹಬ್ಬದ ಫೆಬ್ರವರಿ 26ಕ್ಕೆ ಎದ್ದರೆ ಕಾರಣ ಇದು. ಹೋಲಿಸುವಾಗ ಸರಾಸರಿ ಬಿಟ್ಟು ಮಧ್ಯಾಂಕ (ಏರಿಕೆಯ ಸಾಲಿನಲ್ಲಿ ನಡುವೆ ಬರುವ ಅಂಕಿ) ತೆಗೆದುಕೊಂಡರೆ ಈ ಏರುಗಳ ಪ್ರಭಾವ ಕಳೆಯುತ್ತದೆ.

ಕಡತಶೋಧ
2004ಕ್ಕಿಂತ ಹಿಂದಿನದಕ್ಕೆ ಪತ್ರಿಕೆಗಳ ಸಂಗ್ರಹವೇ ದಾರಿ. ಟ್ಯೂರಿನ್‌ನ ಲಾ ಸ್ಟಾಂಪಾ ತನ್ನ ಹಳೆಯ ಸಂಚಿಕೆಗಳನ್ನು ಜಾಲದಲ್ಲಿ ತೆರೆದಿಟ್ಟಿದೆ. ವರ್ಷವಾರು ಹೆಸರು ಹುಡುಕಿ, ಎಷ್ಟು ಲೇಖನ ಅಂತ ಬರೆದುಕೊಳ್ಳಿ. ಬರೀ ಎಣಿಕೆ ಸಾಲದು, ಅದೇ ವರ್ಷ "ಸೀರಿ ಆ" ಅಂತ ಬಂದ ಒಟ್ಟು ಲೇಖನಗಳಿಂದ ಭಾಗಿಸಿ. ಪುಟ ಹೆಚ್ಚಾದ ವರ್ಷ ಎಲ್ಲರ ಹೆಸರೂ ಹೆಚ್ಚುತ್ತದೆ.

ಕೆಡುವುದು ಎಲ್ಲಿ? ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರ ಓದುವಾಗ ಸಣ್ಣ ಅಕ್ಷರದ ಅಂಕಪಟ್ಟಿಗಳಲ್ಲಿ ಹೆಸರು ತಪ್ಪುತ್ತದೆ. ತಂಡದ ಪಟ್ಟಿಯಲ್ಲಿ ಬಂದ ಹೆಸರೂ ಮುಖ್ಯ ಲೇಖನವೂ ಒಂದೇ ತೂಕ ಪಡೆಯುತ್ತವೆ, ಹಾಗಾಗಿ ತಲೆಬರಹದಲ್ಲಿ ಬಂದದ್ದನ್ನು ಬೇರೆ ಎಣಿಸಿ. ಅದು ಯುವೆಂಟಸ್‌ನ ಊರಿನ ಪತ್ರಿಕೆ. ನಕಾಟಾನ ದೊಡ್ಡ ದಿನಗಳೆಲ್ಲ ಯುವೆಂಟಸ್ ಎದುರೇ ಬಂದವು: 1998ರ ಮೊದಲ ಪಂದ್ಯ, 2001ರ ಮೇ 6, 2002ರ ಕೊಪ್ಪಾ ಇಟಾಲಿಯಾ (ಇಟಲಿಯ ಕಪ್ ಟೂರ್ನಿ) ಫೈನಲ್‌ನಲ್ಲಿ ಎದುರಾಳಿಯ ನೆಲದಲ್ಲಿ ಹೊಡೆದ ಗೋಲು. ಆದ್ದರಿಂದ ಅಲ್ಲಿ ಅವನ ಪಾಲು ಸ್ವಲ್ಪ ಉಬ್ಬಿರುತ್ತದೆ. ಇಟಲಿಯ ರೆಜ್ಜಿನಾ ಕ್ಲಬ್ಬಿನಲ್ಲಿದ್ದ ನಕಾಮುರಾ ಜೊತೆ ಹೋಲಿಸುವಾಗ ಇದನ್ನು ಕಳೆಯದೆ ಬಿಡಬೇಡಿ.

ಮೇ 6ರದ್ದು ಹೇಳಲೇಬೇಕು. ಐರೋಪ್ಯ ಒಕ್ಕೂಟದ ಹೊರಗಿನ ಆಟಗಾರರ ಮೇಲಿದ್ದ ಮಿತಿಯನ್ನು ಇಟಲಿ ಪಂದ್ಯಕ್ಕೆ ಕೆಲವೇ ದಿನ ಮುಂಚೆ ಸಡಿಲಿಸಿತು. ಇಲ್ಲದಿದ್ದರೆ ನಕಾಟಾ ಹೊರಗೇ ಕೂರುವ ಸಂಭವ ಇತ್ತು. ರೋಮಾ 0-2ರಿಂದ ಹಿಂದೆ. ಟೊಟ್ಟಿಯನ್ನು ಹೊರಗೆ ಕರೆದು ನಕಾಟಾನನ್ನು ಇಳಿಸಿದರು. 79ನೇ ನಿಮಿಷ, ದೂರದಿಂದ ಬಲಗಾಲಿನ ಹೊಡೆತ, ಗೋಲು. ಕೊನೆಯ ಘಳಿಗೆಯಲ್ಲಿ ಅವನದೇ ಇನ್ನೊಂದು ಹೊಡೆತ ಗೋಲ್‌ಕೀಪರ್ ಕೈಯಿಂದ ಜಾರಿತು, ಮೊಂಟೆಲ್ಲಾ ಒಳಗೆ ಹಾಕಿದ. 2-2. ರೋಮಾ ಲೀಗ್ ಗೆದ್ದದ್ದಕ್ಕೆ ಆ ಒಂದು ಅಂಕ ಎಷ್ಟು ಮುಖ್ಯ ಅಂತ ಆ ಊರಿನವರಿಗೆ ಗೊತ್ತು.

ಸಾಲ್ಟ್‌ಲೇಕ್
ಭಾರತದಿಂದ ಅಳೆಯುವವರಿಗೆ ಒಂದು ಸೂಚನೆ. ಟ್ರೆಂಡ್ಸ್‌ನಲ್ಲಿ ಕನ್ನಡ ಲಿಪಿಯಲ್ಲಿ ಹುಡುಕಿದರೆ ಸಾಕಷ್ಟು ಮಾಹಿತಿ ಇಲ್ಲ ಅಂತ ಬರುತ್ತದೆ. ನಕಾಟಾ, ನಕಾತಾ, ನಕಟ ಅಂತ ನಾವು ಮೂರು ಥರ ಬರೆಯುವುದೂ ಒಂದು ಕಾರಣ. ವಿಷಯವನ್ನೇ ಆರಿಸಿ, ದೇಶ ಭಾರತ ಅಂತ ಇಡಿ.

2004ರ ಸೆಪ್ಟೆಂಬರ್ 8ರಂದು ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಜಪಾನ್ ಭಾರತವನ್ನು 4-0ರಲ್ಲಿ ಸೋಲಿಸಿತು. ಗೋಲು ಹೊಡೆದವರಲ್ಲಿ ಶಿಂಜಿ ಓನೊ ಇದ್ದ, ನಕಾಟಾ ಆ ಪಂದ್ಯಕ್ಕೆ ಇರಲಿಲ್ಲ. ಓನೊ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲ. 2002ರಲ್ಲಿ ನೆದರ್‌ಲೆಂಡ್ಸ್‌ನ ಫೆಯನೂರ್ಡ್ ಕ್ಲಬ್ ಜೊತೆ ಯುಯೆಫಾ ಕಪ್, ಅದೇ ವರ್ಷ ಏಷ್ಯಾದ ಶ್ರೇಷ್ಠ ಆಟಗಾರ. ಆಟಗಾರರು ಮೆಚ್ಚುವ ಆಟಗಾರ ಅವನು. ಗಾಯಗಳು ಬಿಟ್ಟಿದ್ದರೆ ಈ ಚರ್ಚೆಯ ಶೀರ್ಷಿಕೆಯಲ್ಲಿ ಅವನ ಹೆಸರೇ ಮೊದಲು ಇರುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ.

ಹಿಂಬಾಲಕ
ಇನ್‌ಸ್ಟಾಗ್ರಾಂ ಹಿಂಬಾಲಕರ ಸಂಖ್ಯೆ ನೋಡಿದರೆ ಆಗದೇ? ಎಲ್ಲರದೂ ಒಂದೇ ಕಡೆ ಸಿಗುತ್ತದೆ.

ಅಂಕಿಗುಂಟ
ಆಗುವುದಿಲ್ಲ. ಆ ಸಂಖ್ಯೆಯಲ್ಲಿ ಕ್ಲಬ್ಬಿನ ಪಾಲು ಎಷ್ಟು, ಆಟಗಾರನ ಪಾಲು ಎಷ್ಟು ಅಂತ ಬೇರ್ಪಡಿಸಲು ಬರುವುದಿಲ್ಲ. ಮಿನಾಮಿನೊ, ವಾತಾರು ಎಂಡೊ ಲಿವರ್‌ಪೂಲ್‌ಗೆ ಹೋದಾಗ ಸೇರಿದವರು ಬಹುಪಾಲು ಲಿವರ್‌ಪೂಲ್ ಅಭಿಮಾನಿಗಳು. ಒಮ್ಮೆ ಒತ್ತಿದ ಬಟನ್ ಅನ್ನು ಹೆಚ್ಚಿನವರು ಹಿಂದೆ ತೆಗೆಯುವುದಿಲ್ಲ, ಹಾಗಾಗಿ ಆ ಅಂಕಿ ಏರುತ್ತದೆಯೇ ಹೊರತು ಇಳಿಯುವುದು ಅಪರೂಪ. 2006ರಲ್ಲಿ ಆಟ ಬಿಟ್ಟವನನ್ನು 2010ರಲ್ಲಿ ಹುಟ್ಟಿದ ಜಾಲತಾಣದಲ್ಲಿ ತೂಗುವುದು ಸರಿಯೂ ಅಲ್ಲ.

ನಿವೃತ್ತರ ಈಗಿನ ಸ್ಥಾನ ತಿಳಿಯಲು ವಿಕಿಪೀಡಿಯದ ಪುಟವೀಕ್ಷಣೆ ಮೇಲು. 2015ರ ಜುಲೈನಿಂದ ದಿನವಾರು ಅಂಕಿ ಸಿಗುತ್ತದೆ, ಒಮ್ಮೆಗೆ ಹತ್ತು ಪುಟ ಹೋಲಿಸಬಹುದು. ಓದುಗರ ಪ್ರಕಾರವನ್ನು "ಬಳಕೆದಾರ" ಅಂತ ಇಡಿ, ಇಲ್ಲದಿದ್ದರೆ ಹುಡುಕುಯಂತ್ರಗಳ ಭೇಟಿಯೂ ಸೇರುತ್ತದೆ. ಜಪಾನಿ, ಇಟಾಲಿಯನ್, ಇಂಗ್ಲಿಷ್ ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ, ಕೂಡಿಸಬೇಡಿ. ನಕಾಟಾನ ಬಲ ಇಟಾಲಿಯನ್‌ನಲ್ಲಿ, ನಕಾಮುರಾನದು ಸ್ಕಾಟ್ಲೆಂಡ್ ಕಾರಣ ಇಂಗ್ಲಿಷ್‌ನಲ್ಲಿ ಹುಡುಕಬೇಕು. ಕೂಡಿಸಿದರೆ ಆ ಸೂಕ್ಷ್ಮವೇ ಮಾಯ.

ಪಿಚ್‌ಪಕ್ಕ
ನಕಾಟಾಗೂ ತನ್ನದೇ ಜಾಲತಾಣ ಇತ್ತಲ್ಲ?

ಕಡತಶೋಧ
ಹೌದು, 1998ರಿಂದಲೇ. ಆ ವರ್ಷದ ಆರಂಭದಲ್ಲಿ ರಾಷ್ಟ್ರಗೀತೆ ಬಗ್ಗೆ ಅವನ ಮಾತು ಪತ್ರಿಕೆಯಲ್ಲಿ ಬಂದು ದೊಡ್ಡ ಗಲಾಟೆ ಆಯಿತು. ಆಮೇಲೆ ವರದಿಗಾರರಿಂದ ದೂರ ಸರಿದು ನಕಾಟಾ ಡಾಟ್ ನೆಟ್‌ನಲ್ಲಿ ಅಭಿಮಾನಿಗಳಿಗೆ ನೇರವಾಗಿ ಬರೆಯತೊಡಗಿದ. ಇಂದು ಎಲ್ಲ ಆಟಗಾರರೂ ಮಾಡುವುದನ್ನು ಅವನು ಆಗ ಮಾಡಿದ. ನಿವೃತ್ತಿ ತಿಳಿಸಿದ್ದೂ ಅಲ್ಲೇ. ಅದಕ್ಕೆ ಹನ್ನೊಂದು ದಿನ ಮುಂಚೆ ಡಾರ್ಟ್‌ಮಂಡ್‌ನಲ್ಲಿ ಬ್ರೆಜಿಲ್ ವಿರುದ್ಧ 1-4 ಸೋತ ಮೇಲೆ ನಡುವೃತ್ತದಲ್ಲಿ ಅಂಗಾತ ಮಲಗಿ ಬಹಳ ಹೊತ್ತು ಏಳಲೇ ಇಲ್ಲ. ಅದು ಕೊನೆಯ ಪಂದ್ಯ ಅಂತ ನೋಡುತ್ತಿದ್ದವರಿಗೆ ಗೊತ್ತಿರಲಿಲ್ಲ.

ಎಡಗಾಲು
ಇಷ್ಟು ಓದಿದ ಮೇಲೆ ನನ್ನ ನಿಲುವು ಸ್ವಲ್ಪ ಸರಿಸುತ್ತೇನೆ. 1998ರಿಂದ 2002ರ ಕಾಲಕ್ಕೆ, ಜಪಾನಿನ ಹೊರಗೆ, ನಕಾಟಾಗೆ ಸಾಟಿ ಇರಲಿಲ್ಲ. ಪಾರ್ಮಾ ಅವನಿಗೆ ಕೊಟ್ಟ ಸುಮಾರು 2.8 ಕೋಟಿ ಯೂರೋ ಮೊತ್ತವನ್ನು ಏಷ್ಯಾದ ಇನ್ನೊಬ್ಬ ಆಟಗಾರ ದಾಟಿದ್ದು 2015ರಲ್ಲಿ, ದಕ್ಷಿಣ ಕೊರಿಯಾದ ಸೋನ್ ಇಂಗ್ಲೆಂಡಿನ ಟಾಟನ್‌ಹ್ಯಾಮ್‌ಗೆ ಹೋದಾಗ. 2004ರಲ್ಲಿ ಪೆಲೆ ಆರಿಸಿದ, ಬದುಕಿದ್ದ ಶ್ರೇಷ್ಠ ಆಟಗಾರರ ಫಿಫಾ ಪಟ್ಟಿಯಲ್ಲಿ ಜಪಾನಿನಿಂದ ಅವನೊಬ್ಬನೇ. ಆದರೆ 2005ರ ನಂತರ ಮೈದಾನದ ಪ್ರೀತಿ ನಕಾಮುರಾ ಕಡೆ ಹೊರಳಿತು ಅನ್ನುವುದನ್ನು ಬಿಟ್ಟುಕೊಡುವುದಿಲ್ಲ. ಟ್ರೆಂಡ್ಸ್‌ನಲ್ಲಿ 2006ರ ಆಗಸ್ಟ್‌ನಿಂದ 2009ರ ಮೇವರೆಗಿನ ಅವಧಿಯನ್ನು, ವಿಷಯ ಆರಿಸಿ, ದೇಶ ಬ್ರಿಟನ್ ಅಂತ ಇಟ್ಟು ತೆಗೆಯುತ್ತೇನೆ. ಐದು ದಿನದ ಅಂಕಿ ಸೇರಿದ ಮೇಲೆ ಇಲ್ಲೇ ಹಾಕುತ್ತೇನೆ. ಲಾ ಸ್ಟಾಂಪಾ ಎಣಿಕೆಯನ್ನು ಕಡತಶೋಧ ಅವರು ವಹಿಸಿಕೊಳ್ಳಲಿ.

ಕಡತಶೋಧ
ಸರಿ. 1998ರಿಂದ 2005, ತಲೆಬರಹ ಬೇರೆ, ಒಳಪುಟ ಬೇರೆ. ನಕಾಟಾ, ನಕಾಮುರಾ ಇಬ್ಬರೂ ಒಂದೇ ಲೀಗ್‌ನಲ್ಲಿದ್ದ 2002ರಿಂದ 2005ರ ಮೂರು ಋತುಗಳನ್ನೇ ಮೊದಲು ಎಣಿಸುತ್ತೇನೆ.